ಮೊದಲು ಚರ್ಚುಗಳು ಒಟ್ಟಿಗೆ ಕೂತವು: ಕರಾವಳಿಯ ಒಂದು ಪೇಟೆಯ ಪ್ರಕರಣ

ಇದು ದಕ್ಷಿಣ ಕನ್ನಡದಲ್ಲಿ ಘಟ್ಟದ ಬುಡಕ್ಕಿರುವ ಒಂದು ಪೇಟೆಯ ಕತೆ. ಅಲ್ಲಿ ಪ್ರಾರ್ಥನೆ ನಡೆಯುತ್ತಿದ್ದ ಒಂದು ಬಾಡಿಗೆ ಮನೆಗೆ ಗುಂಪೊಂದು ನುಗ್ಗಿತು, ಆಮೇಲೆ ಊರಿನ ನಾಲ್ಕು ಚರ್ಚುಗಳು ಒಟ್ಟಿಗೆ ಕೂತು ಅದನ್ನು ಎದುರಿಸಿದವು. ಪೇಟೆಯ ಹೆಸರು ಹೇಳುವುದಿಲ್ಲ. ಜನರ ಹೆಸರೂ ಇಲ್ಲ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ನಡೆದ ಮಾತುಕತೆಗಳಲ್ಲಿ ಟಿಪ್ಪಣಿ ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. ಇಂಥದೇ ಪರಿಸ್ಥಿತಿಯಲ್ಲಿರುವ ಬೇರೆ ಊರಿನವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ. ಯಾರು ಸರಿ, ಯಾರು ತಪ್ಪು ಎಂಬುದಕ್ಕಿಂತ ಯಾವ ಹೊತ್ತಿಗೆ ಯಾರು ಏನು ತೀರ್ಮಾನ ಮಾಡಿದರು ಎಂಬುದೇ ಇಲ್ಲಿ ಮುಖ್ಯ.

ಪೇಟೆ ಮತ್ತು ಅದರ ನಾಲ್ಕು ಚರ್ಚು

ಅಡಿಕೆ ಮತ್ತು ರಬ್ಬರ್ ಇಲ್ಲಿಯ ಬದುಕು. ಮನೆಮನೆಯಲ್ಲಿ ಬೀಡಿ ಕಟ್ಟುತ್ತಾರೆ. ತುಳು ಎಲ್ಲರಿಗೂ ಬರುತ್ತದೆ. ಮನೆಯೊಳಗೆ ಕೊಂಕಣಿ, ಬ್ಯಾರಿ, ಮಲಯಾಳಂ ಎಂದು ಬೇರೆ ಬೇರೆ. ಪೇಟೆಯ ಒಂದು ತುದಿಗೆ ದೇವಸ್ಥಾನ, ಇನ್ನೊಂದು ತುದಿಗೆ ಮಸೀದಿ, ನಡುವೆ ಭಜನಾ ಮಂದಿರ ಮತ್ತು ರಿಕ್ಷಾ ಸ್ಟ್ಯಾಂಡ್.

ಕ್ರೈಸ್ತರು ಇಲ್ಲಿ ಒಂದು ಗುಂಪಲ್ಲ. ದೊಡ್ಡದು ಕೊಂಕಣಿ ಕ್ಯಾಥೊಲಿಕರ ಚರ್ಚ್. ಅದರ ಶಾಲೆಯಲ್ಲಿ ಓದುವ ಮಕ್ಕಳಲ್ಲಿ ಹಿಂದೂ, ಮುಸ್ಲಿಂ ಮಕ್ಕಳೇ ಜಾಸ್ತಿ. ಎರಡನೆಯದು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. 1834ರಲ್ಲಿ ಮಂಗಳೂರಿಗೆ ಬಂದು ಮುಂದೆ ಹೆಂಚಿನ ಕಾರ್ಖಾನೆ, ನೇಯ್ಗೆ, ಮುದ್ರಣ ಎಲ್ಲ ನಡೆಸಿದ ಬಾಸೆಲ್ ಮಿಶನ್ನಿನ ಕುಡಿ ಇದು. ಬೇರೆ ಬೇರೆ ಪ್ರೊಟೆಸ್ಟೆಂಟ್ ಸಭೆಗಳು 1947ರ ಸೆಪ್ಟೆಂಬರ್ 27ರಂದು ಒಂದಾಗಿ ಸಿಎಸ್‌ಐ ಆಯಿತು. ಅಂದರೆ ಒಂದಾಗುವುದೇ ಅದರ ಹುಟ್ಟು. ಮೂರನೆಯದು ರಬ್ಬರ್ ತೋಟ ಮಾಡಲು ಕೇರಳದಿಂದ ಬಂದ ಕುಟುಂಬಗಳ ಸಿರೋ ಮಲಬಾರ್ ಚರ್ಚ್. ನಾಲ್ಕನೆಯದು ಚರ್ಚ್ ಕಟ್ಟಡವೂ ಅಲ್ಲ. ಒಂದು ಬಾಡಿಗೆ ಮನೆ, ಪ್ಲಾಸ್ಟಿಕ್ ಕುರ್ಚಿಗಳು, ಒಂದು ಕೀಬೋರ್ಡ್, ಒಬ್ಬ ಪಾಸ್ಟರ್. ಅಲ್ಲಿಗೆ ಬರುವವರು ಹೆಚ್ಚಾಗಿ ರಬ್ಬರ್ ಟ್ಯಾಪಿಂಗ್ ಕೆಲಸದವರು, ಕಾಲನಿಯ ಕೆಲವು ಕುಟುಂಬಗಳು, ಮತ್ತೆ ಮೊದಲ ಎರಡು ಚರ್ಚುಗಳನ್ನು ಬಿಟ್ಟು ಬಂದ ಕೆಲವರು.

ಈ ನಾಲ್ಕೂ ಕಡೆ ಭಾನುವಾರ ಪ್ರಾರ್ಥನೆ ಅದೇ ಕ್ರಿಸ್ತನಿಗೆ. ಆದರೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವುದು ಮದುವೆ ಕಾಗದ ಬಂದರೆ ಮಾತ್ರ. ಕ್ರೈಸ್ತ ಐಕ್ಯತೆಗಾಗಿ ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಪ್ರಾರ್ಥನಾ ವಾರ ಆಚರಿಸುತ್ತಾರೆ. 1908ರಿಂದ ಬಂದ ಪದ್ಧತಿ ಅದು. ಕ್ಯಾಥೊಲಿಕರಿಗೂ 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಐಕ್ಯತೆಯ ಬಾಗಿಲು ತೆರೆದುಕೊಟ್ಟಿತ್ತು. ಈ ಪೇಟೆಯಲ್ಲಿ ಅದೆಲ್ಲ ಒಂದು ಸಂಜೆಯ ಕಾರ್ಯಕ್ರಮ. ಕೊಂಕಣಿ ಕ್ಯಾಥೊಲಿಕ್ ಚರ್ಚಿನ ಫಾದರ್ ಸಿಎಸ್‌ಐಗೆ ಹೋಗಿ ಪ್ರಸಂಗ ಮಾಡುತ್ತಿದ್ದರು, ಸಿಎಸ್‌ಐ ಸಭಾಪಾಲಕರು ಕ್ಯಾಥೊಲಿಕ್ ಚರ್ಚಿಗೆ ಬರುತ್ತಿದ್ದರು, ಚಹಾ ಆಗುತ್ತಿತ್ತು. ಬಾಡಿಗೆ ಮನೆಯ ಪಾಸ್ಟರಿಗೆ ಕರೆಯೇ ಇರಲಿಲ್ಲ.

2008ರ ನೆನಪೂ ಇಲ್ಲಿ ಹಸಿಯಾಗಿದೆ. ಆ ವರ್ಷ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರು ಮತ್ತು ಸುತ್ತಮುತ್ತ ಚರ್ಚುಗಳ ಮೇಲೆ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ಮತಾಂತರದ ಆರೋಪ ಇದ್ದದ್ದು ಒಂದು ಹೊಸ ಸಭೆಯ ಮೇಲೆ. ಆದರೆ ಪೆಟ್ಟು ಬಿದ್ದದ್ದು ಮಂಗಳೂರಿನ ಅಡೊರೇಶನ್ ಮಠದ ಮೇಲೂ. ಮಠದ ಗೋಡೆ ದಾಟದೆ ಪ್ರಾರ್ಥನೆಯಲ್ಲೇ ಬದುಕುವ ಕನ್ಯಾಸ್ತ್ರೀಯರ ಜಾಗ ಅದು. ಸರ್ಕಾರ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ನೇಮಿಸಿತು, 2011ರಲ್ಲಿ ವರದಿ ಬಂತು. ವರದಿಯ ಬಗ್ಗೆ ಜಗಳಗಳು ಬೇರೆ ಇವೆ. ಈ ಪ್ರಕರಣಕ್ಕೆ ಬೇಕಾದದ್ದು ಇಷ್ಟೇ: ಕಲ್ಲು ಹೊಡೆಯುವವರು ಯಾವ ಚರ್ಚ್, ಯಾವ ಪಂಗಡ ಎಂದು ಕೇಳಿ ಹೊಡೆಯುವುದಿಲ್ಲ. ಇದನ್ನು ಎಲ್ಲರೂ ನೋಡಿದ್ದರು. ಆದರೂ ಹಳೆಯ ಚರ್ಚುಗಳು ಅದರಿಂದ ಕಲಿತದ್ದು ಉಲ್ಟಾ. ‘ಹೊಸಬರಿಂದ ದೂರ ಇರಬೇಕು, ಅವರಿಂದಲೇ ನಮಗೆ ತೊಂದರೆ’ ಎಂಬ ಮಾತು ಗಟ್ಟಿಯಾಯಿತು.

ಆ ಭಾನುವಾರ

ಮತಾಂತರ ಕಾಯ್ದೆ ಎಂದು ಎಲ್ಲರೂ ಕರೆಯುವ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ 2022ರಲ್ಲಿ ಬಂತು. ಅದಾಗಿ ಹೆಚ್ಚು ಕಾಲ ಆಗಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಪ್ರಾರ್ಥನೆ ನಡೆಯುತ್ತಿದ್ದಾಗ ಯುವಕರ ಗುಂಪೊಂದು ಬಾಡಿಗೆ ಮನೆಯೊಳಗೆ ನುಗ್ಗಿತು. ಮೊಬೈಲಿನಲ್ಲಿ ವಿಡಿಯೊ ಮಾಡುತ್ತಲೇ ಬಂದರು. ‘ಇಲ್ಲಿ ಮತಾಂತರ ನಡೀತಾ ಉಂಟು’ ಎಂದು ಕೂಗಿದರು. ಬೈಬಲುಗಳನ್ನು ಎತ್ತಿ ಕ್ಯಾಮೆರಾಗೆ ತೋರಿಸಿದರು. ಒಬ್ಬ ಹೆಂಗಸಿನ ಮುಖಕ್ಕೆ ಮೊಬೈಲ್ ಹಿಡಿದು ‘ನಿನ್ನ ಗಂಡ ಯಾರು, ಹಣೆಗೆ ಕುಂಕುಮ ಯಾಕಿಲ್ಲ’ ಎಂದು ಕೇಳಿದರು. ಪೊಲೀಸರು ಬಂದರು. ನುಗ್ಗಿದವರನ್ನು ಮನೆಗೆ ಕಳಿಸಿ, ಪಾಸ್ಟರನ್ನು ಠಾಣೆಗೆ ಕರೆದುಕೊಂಡು ಹೋದರು.

ಮಧ್ಯಾಹ್ನದ ಹೊತ್ತಿಗೆ ವಿಡಿಯೊ ಎಲ್ಲ ವಾಟ್ಸಾಪ್ ಗುಂಪುಗಳಲ್ಲೂ ಓಡಾಡಿತ್ತು.

ಠಾಣೆಯಲ್ಲಿ ಪಾಸ್ಟರಿಂದ ಮುಚ್ಚಳಿಕೆ ಕೇಳಿದರು. ‘ಇನ್ನು ಮುಂದೆ ಆ ಮನೆಯಲ್ಲಿ ಪ್ರಾರ್ಥನೆ ನಡೆಸುವುದಿಲ್ಲ’ ಎಂದು ಬರೆದು ಸಹಿ ಹಾಕಿದರೆ ಕೇಸ್ ಇಲ್ಲ, ಮನೆಗೆ ಹೋಗಬಹುದು. ಕರಾವಳಿಯಲ್ಲಿ ಇಂಥ ವಿಷಯಗಳು ಹೆಚ್ಚಾಗಿ ಇಲ್ಲೇ ಮುಗಿಯುತ್ತವೆ. ಯಾರಿಗೂ ಕೇಸ್ ಬೇಡ. ಪೊಲೀಸರಿಗೆ ಕೆಲಸ ಕಡಿಮೆ. ಮರುದಿನ ‘ರಾಜಿಯಲ್ಲಿ ಇತ್ಯರ್ಥ’ ಎಂದು ಸುದ್ದಿ.

ಪಾಸ್ಟರ್ ಸಹಿ ಹಾಕುವುದಕ್ಕೆ ಮೊದಲು ಒಂದು ಫೋನ್ ಮಾಡಿದರು. ಮಾಡಿದ್ದು ಸಿಎಸ್‌ಐ ಸಭಾಪಾಲಕರಿಗೆ. ಆ ನಂಬರ್ ಅವರಲ್ಲಿ ಇದ್ದದ್ದಾದರೂ ಒಂದು ಜಗಳದಿಂದ. ಹಿಂದೊಮ್ಮೆ ಪ್ರಾರ್ಥನಾ ಮಂದಿರಕ್ಕೆ ಬರುವ ಮುದುಕರೊಬ್ಬರು ತೀರಿಕೊಂಡಾಗ ಹೂಳಲು ಜಾಗ ಸಿಗಲಿಲ್ಲ. ಕ್ಯಾಥೊಲಿಕರು ಆಗುವುದಿಲ್ಲ ಎಂದರು. ಸಿಎಸ್‌ಐಯವರು ಕಮಿಟಿ ಕೂರಬೇಕು ಎಂದರು. ಹೆಣ ಬೇರೆ ತಾಲೂಕಿಗೆ ಹೋಯಿತು. ಆ ದಿನ ಇಬ್ಬರೂ ಫೋನಿನಲ್ಲಿ ಸಿಟ್ಟಿನಲ್ಲಿ ಮಾತಾಡಿದ್ದರು. ಈಗ ಬಂದ ಕರೆಗೆ ಸಭಾಪಾಲಕರು ಹೇಳಿದ್ದು ಇಷ್ಟೇ: ‘ಸಹಿ ಹಾಕಬೇಡಿ. ನಾನು ಬರ್ತೇನೆ.’

ಅವರು ಸ್ಕೂಟರಿನಲ್ಲಿ ಬಂದರು. ಜೋರಾಗಿ ಮಾತಾಡಲಿಲ್ಲ. ‘ಮುಚ್ಚಳಿಕೆ ಯಾವ ಕಾನೂನಿನಡಿ ಬೇಕು ಅಂತ ಬರೆದುಕೊಡಿ, ಆಮೇಲೆ ನಾವು ಬರೆದುಕೊಡ್ತೇವೆ’ ಎಂದರು. ಬರೆದುಕೊಡಲು ಯಾರೂ ತಯಾರಿರಲಿಲ್ಲ. ಸಂಜೆ ‘ನಾಳೆ ಬನ್ನಿ’ ಎಂದು ಕಳಿಸಿದರು.

ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಮೊದಲ ತಿರುವು ಇದು. ಮುಚ್ಚಳಿಕೆಗೆ ಸಹಿ ಬಿದ್ದಿದ್ದರೆ ಮುಂದಿನ ಯಾವ ಮಾತುಕತೆಗೂ ಜಾಗ ಇರುತ್ತಿರಲಿಲ್ಲ. ಅಪರಾಧ ಮಾಡಿದವರು ಯಾರು ಎಂಬುದು ಪಾಸ್ಟರ ಕೈಬರಹದಲ್ಲೇ ತೀರ್ಮಾನ ಆಗಿಬಿಡುತ್ತಿತ್ತು.

ಮೊದಲ ಪ್ರಯತ್ನಗಳು

ಅಧಿಕಾರಿಗಳು ಶಾಂತಿ ಸಭೆ ಕರೆದರು. ದೇವಸ್ಥಾನದ ಮೊಕ್ತೇಸರರು, ಮಸೀದಿಯ ಜಮಾತಿನ ಕಾರ್ಯದರ್ಶಿ, ಫಾದರ್, ವರ್ತಕರ ಸಂಘದವರು, ಪಕ್ಷದವರು ಬಂದರು. ಎಲ್ಲರೂ ಒಂದೇ ಮಾತು ಹೇಳಿದರು: ನಮ್ಮೂರು ಸೌಹಾರ್ದದ ಊರು, ಯಾರೋ ಹೊರಗಿನವರು ಮಾಡಿದ್ದು. ವಿಡಿಯೊದಲ್ಲಿ ಇದ್ದವರೆಲ್ಲ ಊರಿನ ಹುಡುಗರೇ ಎಂದು ಎಲ್ಲರಿಗೂ ಗೊತ್ತಿತ್ತು. ಪಾಸ್ಟರನ್ನು ಕರೆದೇ ಇರಲಿಲ್ಲ.

ಆಮೇಲೆ ಒಂದು ಸರ್ವಧರ್ಮ ಕಾರ್ಯಕ್ರಮ ಆಯಿತು. ದೀಪ ಹಚ್ಚಿದರು. ಮೂಲ್ಕಿಯ ಬಪ್ಪನಾಡು ದೇವಸ್ಥಾನ ಮತ್ತು ಅದನ್ನು ಕಟ್ಟಿಸಿದ ಎನ್ನುವ ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯ ಕತೆ ಹೇಳಿದರು. ಕರಾವಳಿಯಲ್ಲಿ ಆ ಕತೆ ಇಲ್ಲದ ಸೌಹಾರ್ದ ಭಾಷಣವನ್ನು ನಾನಂತೂ ಕೇಳಿಲ್ಲ. ಒಳ್ಳೆಯ ಕತೆಯೇ. ಆದರೆ ಕೇಳುತ್ತ ಕೂತವರೆಲ್ಲ ಮೊದಲೇ ಒಪ್ಪಿದವರು. ವಿಡಿಯೊ ಹಂಚಿದವರು ಅಲ್ಲಿರಲಿಲ್ಲ, ವಿಡಿಯೊ ನೋಡಿ ಹೆದರಿದ ಕಾಲನಿಯ ಹೆಂಗಸರೂ ಇರಲಿಲ್ಲ. ಅದರ ಬಗ್ಗೆ ಇನ್ನು ಹೆಚ್ಚು ಬರೆಯುವಂಥದ್ದಿಲ್ಲ.

ಶಾಲೆಯ ಸ್ಟಾಫ್ ರೂಮಿನ ಸಭೆ

ನಿಜವಾದ ಜಗಳ ನಡೆದದ್ದು ಚರ್ಚುಗಳ ನಡುವೆ. ನಾಲ್ಕೂ ಕಡೆಯವರು ಒಟ್ಟಿಗೆ ಕೂರಬೇಕು ಎಂದು ಹಟ ಹಿಡಿದವರು ಫಾದರ್. ಶಾಂತಿ ಸಭೆಯಲ್ಲಿ ಒಬ್ಬ ಅಧಿಕಾರಿ ಅವರ ಹತ್ತಿರ ಬಂದು ‘ನಿಮ್ಮ ಬಗ್ಗೆ ಯಾರಿಗೂ ಏನೂ ಇಲ್ಲ ಫಾದರ್, ಆ ಮನೆಯವರದ್ದೇ ತೊಂದರೆ’ ಎಂದಿದ್ದರಂತೆ. ಅದನ್ನು ಕೇಳಿ ತಮಗೆ ಒಂದು ಕ್ಷಣ ಸಮಾಧಾನ ಆಯಿತು, ಮರುಕ್ಷಣ ಹೆದರಿಕೆ ಆಯಿತು ಎಂದು ಫಾದರ್ ನಮಗೆ ಹೇಳಿದರು.

ಸಭೆ ಸೇರಿದ್ದು ಶಾಲೆಯ ಸ್ಟಾಫ್ ರೂಮಿನಲ್ಲಿ. ಕ್ಯಾಥೊಲಿಕ್ ಪಾಲನಾ ಸಮಿತಿಯ ಉಪಾಧ್ಯಕ್ಷರು ನೇರ ಮಾತಿನವರು. ‘ಮಾರಾಯ್ರೆ, ಇವರ ಬೆನ್ನಿಗೆ ನಿಂತರೆ ನಾಳೆ ಕಲ್ಲು ನಮ್ಮ ಗಾಜಿಗೆ ಬೀಳ್ತದೆ. ನಾವು ಯಾರನ್ನೂ ಮತಾಂತರ ಮಾಡಿದವರಲ್ಲ ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇವೆ. ಇವರಿಂದಾಗಿ ಅದು ಹಾಳಾಗುವುದು ಬೇಡ’ ಎಂದರು. ಜೊತೆಗೆ ಇನ್ನೊಂದು ಹಳೆಯ ನೋವೂ ಹೊರಗೆ ಬಂತು. ಅವರ ಚರ್ಚಿನ ಎರಡು ಕುಟುಂಬಗಳು ಪಾಸ್ಟರ ಸಭೆಗೆ ಹೋಗಿದ್ದವು. ‘ನಮ್ಮ ಜನರನ್ನು ಎಳೆದುಕೊಂಡು ಹೋದವರನ್ನು ನಾವೇ ಕಾಯಬೇಕಾ?’ ಎಂದು ಕೇಳಿದರು. ಇದು ಸಣ್ಣ ಪ್ರಶ್ನೆ ಅಲ್ಲ. ಐಕ್ಯತೆಯ ಭಾಷಣಗಳಲ್ಲಿ ಇದನ್ನು ಯಾರೂ ಎತ್ತುವುದಿಲ್ಲ, ಆದರೆ ಚರ್ಚುಗಳು ಒಂದಾಗದೆ ಇರುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಪಾಸ್ಟರೂ ಸುಮ್ಮನೆ ಕೂರಲಿಲ್ಲ. ಹೂಳಲು ಜಾಗ ಕೊಡದ ವಿಷಯ ಎತ್ತಿದರು. ‘ಸತ್ತಾಗ ನಾವು ಕ್ರೈಸ್ತರಲ್ಲ, ಪೊಲೀಸರು ಬಂದಾಗಲೂ ಕ್ರೈಸ್ತರಲ್ಲ. ಜನಗಣತಿಗೆ ಮಾತ್ರ ಕ್ರೈಸ್ತರಾ?’ ಎಂದರು. ಸಿರೋ ಮಲಬಾರ್ ಚರ್ಚಿನ ಗುರು, ಅವರ ಜನ ಕರೆಯುವಂತೆ ಅಚ್ಚನ್, ಹೆಚ್ಚು ಮಾತಾಡಲಿಲ್ಲ. ಅವರ ಜನರಿಗೆ ಇದು ತಮ್ಮ ಊರೇ ಅಲ್ಲ ಎಂಬ ಭಯ ಇನ್ನೂ ಹೋಗಿಲ್ಲ.

ಕ್ಯಾಥೊಲಿಕರ ಕಡೆಯಿಂದ ಬಂದಿದ್ದ ಒಬ್ಬ ಹಿರಿಯ ಟೀಚರ್ ಆಗ ಉಪಾಧ್ಯಕ್ಷರ ಕಡೆ ತಿರುಗಿದರು. ‘2008ರಲ್ಲಿ ಆ ಮಠದ ಸಿಸ್ಟರುಗಳು ಯಾರನ್ನು ಮತಾಂತರ ಮಾಡಿದ್ದರು? ಅವರು ಹೊರಗೇ ಬರುವವರಲ್ಲ. ನಾವು ಅಂಥವರಲ್ಲ ಅಂತ ಹೇಳಿದರೆ ಕಲ್ಲು ಬೀಳುವುದಿಲ್ಲ ಅಂತ ನಿಮಗೆ ಯಾರು ಹೇಳಿದ್ದು?’ ಉಪಾಧ್ಯಕ್ಷರು ಅದಕ್ಕೆ ಉತ್ತರ ಕೊಡಲಿಲ್ಲ. ಒಪ್ಪಿದರು ಎಂದೂ ಹೇಳಲಾರೆ. ಆದರೆ ಎದ್ದು ಹೋಗಲಿಲ್ಲ.

ಅದಕ್ಕಿಂತ ಕಷ್ಟದ ಮಾತು ಆಮೇಲೆ ಬಂತು. ಸಿಎಸ್‌ಐ ಸಭಾಪಾಲಕರು ಒಂದು ಕರಪತ್ರ ತಂದಿದ್ದರು. ಹಿಂದೂ ದೇವರುಗಳನ್ನೂ, ಯೇಸುವಿನ ತಾಯಿ ಮರಿಯಮ್ಮನವರ ಪ್ರತಿಮೆಯನ್ನೂ ಹೀಯಾಳಿಸಿ ಬರೆದದ್ದು. ಪಾಸ್ಟರ ಮಂದಿರಕ್ಕೆ ಹೊರಗಿನಿಂದ ಬಂದಿದ್ದ ಒಬ್ಬ ಪ್ರಸಂಗಿ ಹಂಚಿದ್ದು. ‘ಇದರಲ್ಲಿ ನನ್ನ ಹೆಸರಿಲ್ಲ’ ಎಂದರು ಪಾಸ್ಟರ್. ‘ನಿಮ್ಮ ಮನೆಯಲ್ಲಿ ಹಂಚಿದ್ದು ಹೌದಲ್ವಾ?’ ಎಂದರು ಸಭಾಪಾಲಕರು. ಹೌದು ಎಂದು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಇಂಥ ಸಭೆಗಳಲ್ಲಿ ಪೆಟ್ಟು ತಿಂದವರ ತಪ್ಪು ಹೇಳುವುದು ಸರಿಯೇ ಎಂದು ಕೆಲವರು ಕೇಳುತ್ತಾರೆ. ಫಾದರ್ ಅದಕ್ಕೆ ಒಂದು ಗೆರೆ ಎಳೆದರು. ಕರಪತ್ರ ಇತ್ತು ಎಂಬುದು ಮನೆಗೆ ನುಗ್ಗಲು ಕಾರಣ ಅಲ್ಲ. ಮನೆಗೆ ನುಗ್ಗಿದರು ಎಂಬುದು ಕರಪತ್ರವನ್ನು ಮರೆಯಲೂ ಕಾರಣ ಅಲ್ಲ. ಎರಡನ್ನೂ ಬೇರೆ ಬೇರೆ ಮೇಜಿನ ಮೇಲೆ ಇಡಬೇಕು. ನುಗ್ಗಿದ ವಿಷಯ ಠಾಣೆಗೆ, ಕರಪತ್ರದ ವಿಷಯ ನಮ್ಮೊಳಗೆ ಮತ್ತು ನೆರೆಯವರ ಜೊತೆಗೆ. ಮುಂದೆ ನಡೆದದ್ದೆಲ್ಲ ಈ ಗೆರೆಯ ಮೇಲೆಯೇ ನಿಂತಿತು.

ಕೊನೆಗೆ ಒಂದು ಪುಟದ ಕಾಗದ ಆಯಿತು. ಯಾವ ಪೀಠದಿಂದಲೂ, ಯಾವ ಕರಪತ್ರದಲ್ಲೂ ಬೇರೆಯವರ ದೇವರನ್ನು, ಪೂಜೆಯನ್ನು ಹೀಯಾಳಿಸುವುದಿಲ್ಲ. ಹೊರಗಿನ ಪ್ರಸಂಗಿಗಳನ್ನು ಕರೆಸಿದರೆ ಅವರ ಮಾತಿಗೆ ಕರೆಸಿದವರೇ ಹೊಣೆ. ಒಂದು ಚರ್ಚಿನ ಕುಟುಂಬ ಇನ್ನೊಂದಕ್ಕೆ ಹೋಗಲು ಬಯಸಿದರೆ ಎರಡೂ ಕಡೆಯ ಗುರುಗಳು ಮೊದಲು ಮಾತಾಡಬೇಕು, ಆದರೆ ಕುಟುಂಬವನ್ನು ತಡೆಯಬಾರದು. ಹೂಳುವ ಜಾಗದ ಬಗ್ಗೆ ಸಿಎಸ್‌ಐ ಕಮಿಟಿ ತೀರ್ಮಾನ ಮಾಡಬೇಕು. ಯಾರಿಗೇ ತೊಂದರೆ ಆದರೂ ನಾಲ್ಕೂ ಕಡೆಯವರು ಒಟ್ಟಿಗೆ ಠಾಣೆಗೆ ಹೋಗಬೇಕು. ಬ್ಯಾಪ್ಟಿಸಂ, ಪ್ರಸಾದ, ಪೋಪರ ಅಧಿಕಾರ ಇಂಥ ಯಾವ ಧರ್ಮಶಾಸ್ತ್ರದ ವಿಷಯವೂ ಅದರಲ್ಲಿ ಇರಲಿಲ್ಲ. ಇದ್ದಿದ್ದರೆ ಇವತ್ತಿಗೂ ಅದೇ ರೂಮಿನಲ್ಲಿ ಕೂತಿರಬೇಕಾಗಿತ್ತು.

ಠಾಣೆಗೆ ಹೋದದ್ದು

ಮರುದಿನವೇ ನಾಲ್ಕೂ ಚರ್ಚಿನವರು ಒಬ್ಬ ವಕೀಲರ ಜೊತೆ ಠಾಣೆಗೆ ಹೋದರು. ಮತಾಂತರ ಕಾಯ್ದೆಯಲ್ಲಿ ಬಲವಂತ, ಮೋಸ, ಆಮಿಷದ ಮತಾಂತರಕ್ಕೆ 3ರಿಂದ 5 ವರ್ಷ ಶಿಕ್ಷೆ ಇತ್ತು. ಮಹಿಳೆಯರು, ಮಕ್ಕಳು, ಪರಿಶಿಷ್ಟರ ವಿಷಯದಲ್ಲಿ 10 ವರ್ಷದವರೆಗೆ. ಆದರೆ ಸೇರಿ ಪ್ರಾರ್ಥನೆ ಮಾಡುವುದು ಆ ಕಾಯ್ದೆಯಲ್ಲೂ ಅಪರಾಧ ಅಲ್ಲ. ಬೇರೆಯವರ ಮನೆಗೆ ನುಗ್ಗುವುದು ಅಪರಾಧ. ಆಗಿನ್ನೂ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 448ನೇ ಕಲಂ ಅದಕ್ಕೇ ಇದ್ದದ್ದು. ಪೂಜೆ, ಪ್ರಾರ್ಥನೆಗೆ ಸೇರಿದವರಿಗೆ ಅಡ್ಡಿ ಮಾಡುವುದಕ್ಕೆ 296ನೇ ಕಲಂ. ದೂರಿನಲ್ಲಿ ಇಂಥ ಅಪರಾಧ ಕಂಡುಬಂದರೆ ಎಫ್‌ಐಆರ್ ಹಾಕಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ವಕೀಲರು ಇದನ್ನೆಲ್ಲ ದೂರಿನಲ್ಲೇ ಬರೆದಿದ್ದರು. ಎಫ್‌ಐಆರ್ ಆಗದಿದ್ದರೆ ಯಾಕೆ ಆಗುವುದಿಲ್ಲ ಎಂದು ಹಿಂಬರಹ ಕೊಡಿ ಎಂದೂ ಕೇಳಿದರು.

ಎಫ್‌ಐಆರ್ ಆಯಿತು. ಆದರೆ ಅದರ ಹಿಂದೆಯೇ ಪಾಸ್ಟರ ಮೇಲೂ ಮತಾಂತರ ಕಾಯ್ದೆಯಡಿ ಪ್ರತಿ ದೂರು ಬಂತು. ದೂರು ಕೊಟ್ಟದ್ದು ವಿಡಿಯೊದಲ್ಲಿದ್ದ ಹೆಂಗಸಿನ ಮೈದುನ. ಆ ಕಾಯ್ದೆಯಲ್ಲಿ ನೆಂಟರು ಮಾತ್ರ ಅಲ್ಲ, ಜೊತೆಗೆ ಕೆಲಸ ಮಾಡುವವರೂ ದೂರು ಕೊಡಬಹುದಿತ್ತು. ಈಗ ಎಲ್ಲರ ಮೇಲೂ ಒತ್ತಡ ಶುರುವಾಯಿತು. ‘ನೀವು ತೆಗೆದುಕೊಳ್ಳಿ, ಅವರೂ ತೆಗೆದುಕೊಳ್ತಾರೆ, ಊರಿನಲ್ಲಿ ಶಾಂತಿ ಇರ್ತದೆ’ ಎಂದು ಹೇಳಲು ಬಂದವರಲ್ಲಿ ಒಳ್ಳೆಯವರೂ ಇದ್ದರು, ಚರ್ಚಿನವರೂ ಇದ್ದರು.

ಇಲ್ಲಿ ಆ ಹೆಂಗಸಿನ ತೀರ್ಮಾನ ದೊಡ್ಡದು. ಅವರು ಪೊಲೀಸರ ಮುಂದೆ ಹೇಳಿಕೆ ಕೊಟ್ಟರು: ನನ್ನನ್ನು ಯಾರೂ ಕರೆದಿಲ್ಲ, ಏನೂ ಕೊಟ್ಟಿಲ್ಲ, ಮಗಳಿಗೆ ಹುಷಾರಿಲ್ಲದಾಗ ನಾನೇ ಹೋದದ್ದು. ಮನೆಯಲ್ಲಿ ಅದರ ಬೆಲೆ ಅವರೇ ತೆತ್ತರು. ಕೆಲವು ಕಾಲ ತವರಿನಲ್ಲಿ ಇರಬೇಕಾಯಿತು. ಸೌಹಾರ್ದದ ಕೆಲಸಕ್ಕೆ ಇಳಿದ ನಾವೆಲ್ಲ ಗಂಡಸರು, ಗುರುಗಳು, ಮೊಕ್ತೇಸರರು ಎಂದು ಓಡಾಡುತ್ತಿದ್ದಾಗ ಪ್ರಕರಣ ನಿಂತಿದ್ದು ಅವರ ಒಂದು ಹೇಳಿಕೆಯ ಮೇಲೆ. ಮೈದುನನ ದೂರು ಮುಂದೆ ಬಿ ರಿಪೋರ್ಟಿನಲ್ಲಿ, ಅಂದರೆ ಕೇಸಿನಲ್ಲಿ ಹುರುಳಿಲ್ಲ ಎಂಬ ಪೊಲೀಸ್ ವರದಿಯಲ್ಲಿ, ಮುಗಿಯಿತು.

ಮೊಕ್ತೇಸರರ ಪ್ರಶ್ನೆ

ಚರ್ಚಿನವರು ದೇವಸ್ಥಾನಕ್ಕೆ ಹೋದದ್ದು ಇದೆಲ್ಲ ಆದ ಮೇಲೆ. ಮೊದಲೇ ಹೋಗಿದ್ದರೆ ಒಬ್ಬೊಬ್ಬರೂ ‘ನಾವು ಅಂಥವರಲ್ಲ’ ಎಂದು ಹೇಳಿ ಬರುತ್ತಿದ್ದರು. ಈಗ ನಾಲ್ವರೂ ಒಟ್ಟಿಗೆ ಹೋದರು, ಪಾಸ್ಟರನ್ನೂ ಕರೆದುಕೊಂಡು. ಕರಪತ್ರದ ವಿಷಯವನ್ನು ತಾವೇ ಎತ್ತಿದರು. ನಮ್ಮ ಕಡೆಯಿಂದ ಹೀಗೆ ಆಗಿದೆ, ಇನ್ನು ಆಗುವುದಿಲ್ಲ ಎಂದರು.

ಮೊಕ್ತೇಸರರು ತೋಟ ಇರುವ ಹಿರಿಯರು. ವೇದಿಕೆಯ ಮಾತು ಆಡಲಿಲ್ಲ. ‘ನಮ್ಮಲ್ಲಿ ಕೆಲಸಕ್ಕೆ ಬರುವ ಹುಡುಗಿಯ ಅಮ್ಮ ನಿಮ್ಮಲ್ಲಿಗೆ ಬರ್ತಾಳಂತೆ. ದೇವರ ಫೋಟೊ ಎಲ್ಲ ಹೊಳೆಗೆ ಬಿಸಾಡಿದಳಂತೆ. ಇದಕ್ಕೆ ಎಂತ ಹೇಳ್ತೀರಿ?’ ಎಂದು ಪಾಸ್ಟರನ್ನೇ ಕೇಳಿದರು.

ಫಾದರ್ ಏನೋ ಹೇಳಲು ಹೊರಟರು. ಪಾಸ್ಟರ್ ತಡೆದರು. ‘ಬಿಸಾಡು ಅಂತ ನಾನು ಹೇಳಿಲ್ಲ. ಆದರೆ ನಮ್ಮಲ್ಲಿ ಮೂರ್ತಿಪೂಜೆ ಇಲ್ಲ ಅಂತ ಹೇಳಿದ್ದೇನೆ. ಹೇಳಿಲ್ಲ ಅಂತ ನಿಮ್ಮ ಹತ್ತಿರ ಸುಳ್ಳು ಹೇಳಲಾರೆ’ ಎಂದರು. ಮೊಕ್ತೇಸರರು ಸ್ವಲ್ಪ ಹೊತ್ತು ನೋಡಿದರು. ‘ಬೇಡ ಆದವರು ಫೋಟೊವನ್ನು ಮನೆಯವರಿಗೆ ಕೊಡಲಿ, ಇಲ್ಲದಿದ್ದರೆ ದೇವಸ್ಥಾನಕ್ಕೆ ತಂದುಕೊಡಲಿ. ಅಷ್ಟು ಮಾಡಿಸಿ. ಅವಳು ಎಲ್ಲಿಗೆ ಹೋಗ್ತಾಳೆ ಅನ್ನುವುದು ಅವಳಿಗೆ ಬಿಟ್ಟದ್ದು. ನನಗೆ ಅದು ಇಷ್ಟ ಇಲ್ಲ, ಅದು ಬೇರೆ ವಿಷಯ’ ಎಂದರು.

ನಾನು ಕೇಳಿದ ಸೌಹಾರ್ದದ ಮಾತುಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಬೇರೆ ಇಲ್ಲ. ಇಷ್ಟ ಇಲ್ಲ ಎಂದು ಬಾಯಿಬಿಟ್ಟು ಹೇಳಿದ ಮನುಷ್ಯನ ಮಾತನ್ನು ನಂಬಬಹುದು. ಎಲ್ಲ ಧರ್ಮವೂ ಒಂದೇ ಎಂದು ವೇದಿಕೆಯಲ್ಲಿ ಹೇಳಿದವರು ಆ ವಾರ ಫೋನ್ ಎತ್ತುತ್ತಿರಲಿಲ್ಲ.

ಜಮಾತಿನವರನ್ನು ಜೊತೆಗೆ ಕರೆಯಬೇಕೇ ಎಂಬುದರ ಬಗ್ಗೆಯೂ ಚರ್ಚಿನವರಲ್ಲಿ ಜಗಳ ಆಗಿತ್ತು. ‘ಅವರು ಬಂದರೆ ವಿಷಯದ ಬಣ್ಣವೇ ಬದಲಾಗ್ತದೆ’ ಎಂದು ಕೆಲವರಿಗೆ ಹೆದರಿಕೆ. ಅದನ್ನು ಬಗೆಹರಿಸಿದ್ದು ಜಮಾತಿನ ಕಾರ್ಯದರ್ಶಿಯೇ. ‘ನಾವು ಮುಂದೆ ನಿಂತರೆ ನಿಮಗೇ ತೊಂದರೆ. ಫೋನ್ ಮಾಡಿ, ಬೇಕಾದಾಗ ಬರ್ತೇವೆ’ ಎಂದರು. ಅವರು ಹೇಳಿದ್ದು ಸರಿ. ಆದರೆ ಅವರು ಹಾಗೆ ಹೇಳಬೇಕಾಗಿ ಬಂದದ್ದು ನನಗೆ ಇಂದಿಗೂ ಬೇಸರ.

ಹೊರೆಕಾಣಿಕೆ

ಆ ವರ್ಷ ದೇವಸ್ಥಾನದಲ್ಲಿ ಬ್ರಹ್ಮಕಲಶೋತ್ಸವ ಇತ್ತು. ಇಂಥ ಸಂದರ್ಭದಲ್ಲಿ ಅಕ್ಕಿ, ತೆಂಗಿನಕಾಯಿ, ತರಕಾರಿ ಹೊತ್ತು ಹೊರೆಕಾಣಿಕೆ ಮೆರವಣಿಗೆ ಬರುತ್ತದೆ. ಕರಾವಳಿಯ ಎಷ್ಟೋ ಊರುಗಳಂತೆ ಇಲ್ಲೂ ಚರ್ಚಿನವರು, ಮಸೀದಿಯವರು ಹೊರೆಕಾಣಿಕೆ ಕೊಡುತ್ತ ಬಂದಿದ್ದಾರೆ. ಈ ಸಲ ಕ್ಯಾಥೊಲಿಕ್ ಯುವಕರು ‘ಇಷ್ಟೆಲ್ಲ ಆದ ಮೇಲೂ ಯಾಕೆ?’ ಎಂದರು. ಫಾದರ್ ಮತ್ತು ಉಪಾಧ್ಯಕ್ಷರು ಇಬ್ಬರೂ ಕೊಡಬೇಕು ಎಂದರು. ನುಗ್ಗಿದವರು ದೇವಸ್ಥಾನದಿಂದ ಬಂದವರಲ್ಲ, ಕೊಡುವುದನ್ನು ನಿಲ್ಲಿಸಿದರೆ ಅಲ್ಲಿಂದಲೇ ಬಂದವರು ಎಂದು ನಾವೇ ಒಪ್ಪಿದ ಹಾಗೆ ಆಗುತ್ತದೆ ಎಂಬುದು ಅವರ ವಾದ. ಕೊಟ್ಟರು.

ಪಾಸ್ಟರ್ ಬರಲಿಲ್ಲ. ದೇವರಿಗೆ ಅರ್ಪಿಸುವ ವಸ್ತುವನ್ನು ತಾನು ಹೊರಲಾರೆ, ಅದು ತನ್ನ ನಂಬಿಕೆಗೆ ಹೊಂದುವುದಿಲ್ಲ ಎಂದು ಮೊದಲೇ ಹೇಳಿದ್ದರು. ಇದಕ್ಕೆ ಚರ್ಚಿನವರೇ ಸಿಟ್ಟಾದರು. ‘ನಿಮಗೋಸ್ಕರ ನಾವು ಇಷ್ಟು ಮಾಡಿದ್ದೇವೆ, ಒಂದು ದಿನ ಬರಲಿಕ್ಕೆ ಆಗುವುದಿಲ್ಲವಾ?’ ಎಂದರು. ಮೊಕ್ತೇಸರರನ್ನು ಕೇಳಿದಾಗ ಅವರು ‘ಬರಬೇಕು ಅಂತ ನಾನು ಯಾರಿಗೂ ಹೇಳಿಲ್ಲ’ ಎಂದುಬಿಟ್ಟರು.

ಬೇರೆ ಊರಿನವರು ಇದನ್ನು ಗಮನಿಸಬೇಕು. ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಹೋಗುವುದು ಚೆಂದ. ಕಾರ್ಕಳದ ಅತ್ತೂರು ಚರ್ಚಿನ ಸಂತ ಲಾರೆನ್ಸರ ಜಾತ್ರೆಗೆ ಎಲ್ಲ ಧರ್ಮದವರೂ ಬರುತ್ತಾರೆ, ಯಾರೂ ಹಾಜರಿ ತೆಗೆದುಕೊಳ್ಳುವುದಿಲ್ಲ. ಬರುವುದನ್ನೇ ಊರಿನ ಮೇಲಿನ ಪ್ರೀತಿಗೆ ಪರೀಕ್ಷೆ ಮಾಡಿದರೆ, ನಂಬಿಕೆಯಲ್ಲಿ ಕಟ್ಟುನಿಟ್ಟು ಇರುವವರು ಮೊದಲ ದಿನವೇ ಫೇಲಾಗುತ್ತಾರೆ. ಅವರ ಹಕ್ಕೂ ಅದರ ಜೊತೆಗೇ ಹೋಗುತ್ತದೆ.

ಫ್ಲೆಕ್ಸ್ ಹರಿದ ದಿನ

ಉತ್ಸವ ಆಗಿ ಸ್ವಲ್ಪ ಸಮಯಕ್ಕೆ ಭಜನಾ ಮಂದಿರದ ಮುಂದಿನ ಫ್ಲೆಕ್ಸ್ ಒಂದು ರಾತ್ರಿ ಹರಿದಿತ್ತು. ಬೆಳಕು ಹರಿಯುವ ಮೊದಲೇ ವಾಟ್ಸಾಪಿನಲ್ಲಿ ಹೆಸರುಗಳು ಓಡಾಡಲು ಶುರುವಾದವು. ಭಾನುವಾರ ಪ್ರಾರ್ಥನೆಯ ಹೊತ್ತಿಗೆ ಜನ ಸೇರಿಸುವ ಮಾತು ನಡೆಯುತ್ತಿದೆ ಎಂಬ ಸುದ್ದಿ ಮೊದಲು ಬಂದದ್ದು ಬೀಡಿ ಬ್ರಾಂಚಿನಿಂದ. ಬೀಡಿ ಕೊಡಲು ಸಾಲಿನಲ್ಲಿ ನಿಲ್ಲುವ ಹೆಂಗಸರಲ್ಲಿ ಎಲ್ಲ ಜಾತಿ, ಧರ್ಮದವರೂ ಇರುತ್ತಾರೆ. ಒಬ್ಬಳ ಮಗನ ಸುದ್ದಿ ಇನ್ನೊಬ್ಬಳಿಗೆ ಗೊತ್ತಿರುತ್ತದೆ. ಸಭೆಗಳಿಗೆ ಕರೆಯದ ಈ ಹೆಂಗಸರು ನಮಗೆ ಯಾವ ಸಮಿತಿಗಿಂತ ಜಾಸ್ತಿ ಉಪಕಾರ ಮಾಡಿದರು.

ಮೊಕ್ತೇಸರರು, ಫಾದರ್, ಸಭಾಪಾಲಕರು, ಜಮಾತಿನ ಕಾರ್ಯದರ್ಶಿ ನಾಲ್ವರೂ ಮಂದಿರದ ಮುಂದೆ ಸೇರಿದರು. ಈ ಸಲ ಕಾರ್ಯದರ್ಶಿ ಹಿಂದೆ ನಿಲ್ಲಲಿಲ್ಲ. ಯಾರು ಹರಿದದ್ದು ಎಂದು ಹುಡುಕಲು ಹೋದರೆ ಸಂಜೆಯೊಳಗೆ ಯಾರಾದರೂ ಒಬ್ಬನ ಮೇಲೆ ಕೈ ಬೀಳುತ್ತಿತ್ತು. ಅದರ ಬದಲು ಎರಡು ಕೆಲಸ ಮಾಡಿದರು. ಅಪರಿಚಿತರ ಮೇಲೆ ದೂರು ಕೊಟ್ಟರು, ಎಲ್ಲರ ಸಹಿ ಹಾಕಿ. ಮಧ್ಯಾಹ್ನದೊಳಗೆ ಹೊಸ ಫ್ಲೆಕ್ಸ್ ಕಟ್ಟಿಸಿದರು, ಎಲ್ಲರೂ ಹಣ ಹಾಕಿ. ಅದನ್ನು ಕಟ್ಟುವ ವಿಡಿಯೊವನ್ನು ರಿಕ್ಷಾ ಸ್ಟ್ಯಾಂಡಿನ ಹುಡುಗರು ಅದೇ ಗುಂಪುಗಳಿಗೆ ಹಾಕಿದರು. ಭಾನುವಾರ ಜನ ಸೇರಲಿಲ್ಲ. ಫ್ಲೆಕ್ಸ್ ಯಾರು ಹರಿದದ್ದು ಎಂದು ಇವತ್ತಿಗೂ ಗೊತ್ತಿಲ್ಲ. ಸತ್ಯ ಗೊತ್ತಾಗುವವರೆಗೆ ಕಾಯದೆ ಕೆಲಸ ಮಾಡಿದ್ದೇ ಆ ದಿನದ ಜಾಣತನ ಎಂದು ನನಗನಿಸುತ್ತದೆ.

ಈಗ ಎಲ್ಲಿ ನಿಂತಿದೆ

ಎಲ್ಲ ಸರಿಹೋಗಿಲ್ಲ. ಬಾಡಿಗೆ ಮನೆಯ ಮಾಲೀಕರು ಹೆದರಿ ಮನೆ ಬಿಡಿಸಿದರು. ಅವರನ್ನು ದೂರುವುದು ಕಷ್ಟ, ಅವರಿಗೂ ಪೇಟೆಯಲ್ಲಿ ಅಂಗಡಿ ಇದೆ. ಸಿಎಸ್‌ಐಯವರು ತಮ್ಮ ಸಂಡೇ ಸ್ಕೂಲ್ ಹಾಲನ್ನು ಭಾನುವಾರ ಮಧ್ಯಾಹ್ನ ಪಾಸ್ಟರಿಗೆ ಬಿಟ್ಟುಕೊಟ್ಟರು. ಇದಕ್ಕೆ ಸಿಎಸ್‌ಐಯಲ್ಲೇ ಕೆಲವರ ವಿರೋಧ ಇತ್ತು. ಕೀಬೋರ್ಡಿನ ಸದ್ದಿನ ಬಗ್ಗೆ ಈಗಲೂ ಪ್ರತಿ ವಾರ ದೂರು ಬರುತ್ತದೆ. ಕರಪತ್ರದ ಒಪ್ಪಂದವೂ ಒಮ್ಮೆ ಮುರಿಯಿತು, ಇನ್ನೊಬ್ಬ ಪ್ರಸಂಗಿ ಬಂದಾಗ. ಆ ಸಲ ಪಾಸ್ಟರೇ ಹೋಗಿ ಮೊಕ್ತೇಸರರಿಗೆ ಹೇಳಿ ಬಂದರು. ಬೇರೆಯವರಿಂದ ಅವರ ಕಿವಿಗೆ ಬೀಳುವ ಮೊದಲೇ.

ನುಗ್ಗಿದವರಲ್ಲಿ ಇಬ್ಬರು ಹುಡುಗರು ತಂದೆಯರ ಜೊತೆ ಬಂದು ತಪ್ಪಾಯಿತು ಎಂದರು. ಒಬ್ಬನಿಗೆ ಗಲ್ಫಿಗೆ ಹೋಗಲಿಕ್ಕಿತ್ತು, ಕೇಸ್ ಅಡ್ಡ ಬರುತ್ತಿತ್ತು. ಪಾಸ್ಟರ್ ಕ್ಷಮಿಸಿದರು, ಚಹಾ ಕೊಟ್ಟರು, ಕೇಸ್ ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ. ಇದು ಕ್ರೈಸ್ತರಿಗೆ ಒಪ್ಪುವ ನಡತೆಯೇ ಎಂದು ಚರ್ಚಿನವರೇ ವಾದ ಮಾಡಿದರು. ನನ್ನ ಅಭಿಪ್ರಾಯ ಹೇಳುವುದಾದರೆ, ಕ್ಷಮಿಸುವುದು ಪಾಸ್ಟರ ಕೈಯಲ್ಲಿತ್ತು, ಅದನ್ನು ಅವರು ಮಾಡಿದರು. ಮುಂದಿನ ಭಾನುವಾರ ಇನ್ನೊಂದು ಊರಿನ ಇನ್ನೊಂದು ಮನೆಗೆ ಹೋಗುವವನು ಒಮ್ಮೆ ಯೋಚಿಸಬೇಕಾದರೆ ಇಲ್ಲಿಯ ಕೇಸ್ ಕೋರ್ಟಿನಲ್ಲಿ ಇರಬೇಕು. ಚಾರ್ಜ್‌ಶೀಟ್ ಆಗಿದೆ. ವಿಚಾರಣೆ ಮುಗಿದಿಲ್ಲ.

ಈ ನಡುವೆ 2023ರ ಜೂನಿನಲ್ಲಿ ರಾಜ್ಯ ಸಚಿವ ಸಂಪುಟ ಮತಾಂತರ ಕಾಯ್ದೆಯನ್ನು ಹಿಂದೆಗೆದುಕೊಳ್ಳುವ ತೀರ್ಮಾನ ಮಾಡಿತು. ಪೇಟೆಯಲ್ಲಿ ಅದರಿಂದ ದೊಡ್ಡ ವ್ಯತ್ಯಾಸ ಏನೂ ಕಾಣಲಿಲ್ಲ. ಆ ಭಾನುವಾರ ಮನೆಗೆ ನುಗ್ಗಿದವರು ಕಾಯ್ದೆಯ ಪುಸ್ತಕ ಓದಿ ಬಂದವರಲ್ಲ ತಾನೇ.

ದೊಡ್ಡ ತೊಡಕು ವರ್ಗಾವಣೆ. ಫಾದರಿಗೆ ಬೇರೆ ಚರ್ಚಿಗೆ ವರ್ಗ ಆಯಿತು. ಠಾಣೆಯಲ್ಲೂ ಅಧಿಕಾರಿ ಬದಲಾದರು. ಹೊಸ ಫಾದರ್ ಒಳ್ಳೆಯವರು, ಆದರೆ ಅವರಿಗೆ ಈ ಕಾಗದದ ಬಗ್ಗೆ ಅನುಮಾನ. ಎಲ್ಲವೂ ಒಬ್ಬಿಬ್ಬರು ಗುರುಗಳ ಮೇಲೆ ನಿಂತಿದ್ದರೆ ಇಲ್ಲಿಗೇ ಮುಗಿಯುತ್ತಿತ್ತು. ಹೀಗಾಗಬಹುದು ಎಂದು ಹಳೆಯ ಫಾದರ್ ಹೋಗುವ ಮೊದಲೇ ಜವಾಬ್ದಾರಿಯನ್ನು ಊರಲ್ಲೇ ಇರುವವರ ಕೈಗೆ ಕೊಟ್ಟಿದ್ದರು. ಈಗ ಫೋನ್ ನಂಬರುಗಳ ಪಟ್ಟಿ ಇರುವುದು ಅವತ್ತು 2008ರ ಪ್ರಶ್ನೆ ಕೇಳಿದ ಟೀಚರ್ ಬಳಿ. ಉಪಾಧ್ಯಕ್ಷರು ಆ ಪಟ್ಟಿಯಲ್ಲಿ ಎರಡನೆಯವರು. ಪಾಸ್ಟರ ಜೊತೆ ಅವರಿಗೆ ಈಗಲೂ ಅಷ್ಟಕ್ಕಷ್ಟೆ. ಅವರ ಚರ್ಚಿನ ಆ ಎರಡು ಕುಟುಂಬಗಳು ವಾಪಸ್ ಬಂದಿಲ್ಲ.

ಬಾಕಿ ಇರುವುದು ಹೂಳುವ ಜಾಗದ ವಿಷಯ. ಸಿಎಸ್‌ಐ ಸ್ಥಳೀಯ ಕಮಿಟಿ ಸ್ಮಶಾನದ ಒಂದು ಮೂಲೆಯನ್ನು ಪಾಸ್ಟರ ಸಭೆಯವರಿಗೆ ಕೊಡಲು ಒಪ್ಪಿದೆ. ಮೇಲಿನವರ ಒಪ್ಪಿಗೆಯ ಪತ್ರ ಇನ್ನೂ ಬಂದಿಲ್ಲ. ಪಾಸ್ಟರ ಸಭೆಯಲ್ಲಿ ಈಗ ಹಾಸಿಗೆ ಹಿಡಿದ ಹಿರಿಯರೊಬ್ಬರಿದ್ದಾರೆ. ಪತ್ರ ಬೇಗ ತರಿಸಲು ಸಭಾಪಾಲಕರು ಓಡಾಡುತ್ತಿದ್ದಾರೆ.